ಅಪಘಾತವಾಗಿ 45 ದಿನ ಆಯಿತು, ಕಾರು ಇನ್ನೂ ವರ್ಕ್‌ಶಾಪ್‌ನಲ್ಲೇ ಉಂಟು. ಯಾರನ್ನು ಕೇಳಬೇಕು?

ಕಾಪು ಹೊಲಿಗೆ ಅಕ್ಕ
23 ಆಗಸ್ಟ್ 2025

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ.

ನಾನು ಕಾಪುವಿನಲ್ಲಿ ಟೈಲರಿಂಗ್ ಮಾಡುತ್ತೇನೆ. ಮನೆಯಲ್ಲಿ ನಾನು, ಅಪ್ಪ, ಇಬ್ಬರೇ. ಅಪ್ಪನಿಗೆ ವಾರಕ್ಕೆ ಮೂರು ದಿನ ಡಯಾಲಿಸಿಸ್. ಸೋಮವಾರ, ಬುಧವಾರ, ಶುಕ್ರವಾರ ಉಡುಪಿಗೆ ಹೋಗಬೇಕು. ಅದಕ್ಕೋಸ್ಕರವೇ 2020ರ ಸೆಪ್ಟೆಂಬರ್‌ನಲ್ಲಿ ಸಾಲ ಮಾಡಿ ಒಂದು ಸಣ್ಣ ಕಾರು ತೆಗೆದುಕೊಂಡೆ. ಡ್ರೈವಿಂಗ್ ಕಲಿತದ್ದೂ ಅದಕ್ಕೇ.

ಜುಲೈ 9, ಬುಧವಾರ, ಸಂಜೆ ಆರೂಮುಕ್ಕಾಲು. ಡಯಾಲಿಸಿಸ್ ಮುಗಿಸಿ ವಾಪಸ್ ಬರುತ್ತಿದ್ದೆವು. ಜೋರು ಮಳೆ. ಉದ್ಯಾವರ ದಾಟಿ ಕಟಪಾಡಿ ಜಂಕ್ಷನ್ ಹತ್ತಿರ ಬರುವಾಗ ಮುಂದಿದ್ದ ಬಸ್ಸು ಜನ ಇಳಿಸಲು ಗಕ್ಕನೆ ನಿಂತಿತು. ನಾನೂ ಬ್ರೇಕ್ ಹಾಕಿ ನಿಲ್ಲಿಸಿದೆ. ಹಿಂದೆ ಬರುತ್ತಿದ್ದ ತರಕಾರಿ ಟೆಂಪೋದವನಿಗೆ ನಿಲ್ಲಿಸಲು ಆಗಲಿಲ್ಲ. ಅವನು ಗುದ್ದಿದ ರಭಸಕ್ಕೆ ನನ್ನ ಕಾರು ಮುಂದೆ ಹೋಗಿ ಬಸ್ಸಿಗೆ ಬಡಿಯಿತು. ಹಿಂದೆ ಡಿಕ್ಕಿ ಒಳಗೆ ಹೋಯಿತು, ಮುಂದೆ ಬಾನೆಟ್ ಎದ್ದು ನಿಂತಿತು, ರೇಡಿಯೇಟರ್ ಒಡೆದು ರಸ್ತೆ ತುಂಬ ನೀರು. ಅಪ್ಪ ಮುಂದಿನ ಸೀಟಿನಲ್ಲಿದ್ದರು. ಬೆಲ್ಟ್ ಹಾಕಿದ್ದರಿಂದ ಏನೂ ಆಗಲಿಲ್ಲ. ಅವರು ಮೊದಲು ಮುಟ್ಟಿ ನೋಡಿಕೊಂಡದ್ದು ಡಯಾಲಿಸಿಸ್ ಸೂಜಿ ಹಾಕುವ ಎಡಗೈಯನ್ನು. ಆ ಕೈ ಸರಿ ಇದೆ ಎಂದು ಗೊತ್ತಾದ ಮೇಲೆಯೇ ನನಗೆ ಉಸಿರು ಬಂತು.

ಟೆಂಪೋದ ಹುಡುಗ ತುಂಬಾ ಹೆದರಿದ್ದ. ಹತ್ತು ಸಾವಿರ ಕೊಡುತ್ತೇನೆ, ಕೇಸ್ ಬೇಡ ಅಕ್ಕ ಎಂದ. ನಾನು ದುಡ್ಡು ತೆಗೆದುಕೊಳ್ಳಲಿಲ್ಲ. ಅವನ ಲೈಸೆನ್ಸ್, ಟೆಂಪೋ ನಂಬರ್, ಅದರ ಇನ್ಶೂರೆನ್ಸ್ ಕಾಗದ ಎಲ್ಲದರ ಫೋಟೋ ತೆಗೆದುಕೊಂಡೆ. ಪೊಲೀಸರು ಬಂದು ಬರೆದುಕೊಂಡು ಹೋದರು. ಯಾರಿಗೂ ಗಾಯ ಇಲ್ಲ ಎಂದು ಕೇಸ್ ಆಗಲಿಲ್ಲ.

ಆಮೇಲಿನದ್ದು ನನ್ನ ಹೊಲಿಗೆ ಲೆಕ್ಕದ ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ. ಅದನ್ನೇ ನೋಡಿ ಇಲ್ಲಿ ಹಾಕುತ್ತಿದ್ದೇನೆ.

ಜುಲೈ 9 ರಾತ್ರಿಯೇ ಇನ್ಶೂರೆನ್ಸ್ ಕಂಪನಿಗೆ ಫೋನ್ ಮಾಡಿ ಕ್ಲೇಮ್ ನಂಬರ್ ತೆಗೆದುಕೊಂಡೆ. 10ಕ್ಕೆ ಕ್ರೇನ್‌ನಲ್ಲಿ ಕಾರು ಉಡುಪಿ ಹತ್ತಿರದ ಅಧಿಕೃತ ವರ್ಕ್‌ಶಾಪ್‌ಗೆ ಹೋಯಿತು. 14ಕ್ಕೆ ನಷ್ಟ ಎಷ್ಟು ಎಂದು ನೋಡಲು ಇನ್ಶೂರೆನ್ಸ್ ಕಂಪನಿಯ ಕಡೆಯಿಂದ ಸರ್ವೇಯರ್ ಬಂದು ಫೋಟೋ ತೆಗೆದರು. ಎಸ್ಟಿಮೇಟ್ 1,42,600 ರೂಪಾಯಿ. 26ಕ್ಕೆ ಬಿಚ್ಚಿ ನೋಡುವಾಗ ಒಳಗೆ ಇನ್ನೂ ಪೆಟ್ಟು ಉಂಟು ಎಂದರು: ಎ.ಸಿ. ಕಂಡೆನ್ಸರ್, ಹಿಂದಿನ ಪ್ಯಾನೆಲ್. ಅದಕ್ಕೆ ಇನ್ನೂ 31,000. ಆಗಸ್ಟ್ 2ಕ್ಕೆ ಆ ಹೆಚ್ಚುವರಿ ಎಸ್ಟಿಮೇಟ್ ಸರ್ವೇಯರ್‌ಗೆ ಕಳಿಸಿದ್ದೇವೆ ಎಂದು ವರ್ಕ್‌ಶಾಪ್‌ನವರು ಹೇಳಿದರು.

ಅಲ್ಲಿಗೆ ನಿಂತುಹೋಯಿತು. ವರ್ಕ್‌ಶಾಪ್‌ನವರು ಹೇಳುವುದು ಅಪ್ರೂವಲ್ ಬಂದಿಲ್ಲ ಎಂದು. ಸರ್ವೇಯರ್ ಹೇಳುವುದು ನನಗೆ ಎಸ್ಟಿಮೇಟೇ ಬಂದಿಲ್ಲ ಎಂದು. ಕಂಪನಿಯ ಟೋಲ್ ಫ್ರೀಗೆ ಮಾಡಿದರೆ, ಸರ್ವೇ ರಿಪೋರ್ಟ್ ಬಾಕಿ ಉಂಟು ಮೇಡಂ, 48 ಗಂಟೆ ಕಾಯಿರಿ. ಆ 48 ಗಂಟೆಯನ್ನು ನಾನು ಏಳು ಸಲ ಕೇಳಿಸಿಕೊಂಡಿದ್ದೇನೆ. ಡಿಕ್ಕಿ ಬಾಗಿಲು ಬೆಂಗಳೂರಿನಿಂದ ಬರಬೇಕು, ಘಾಟಿಯಲ್ಲಿ ಮಳೆ, ಲಾರಿ ತಡ ಎಂದು ಒಮ್ಮೆ ಹೇಳಿದರು. ಈಗ ಚೌತಿ ಕಳೆಯಲಿ ಎನ್ನುತ್ತಿದ್ದಾರೆ.

ಅಪ್ಪನನ್ನು ರಿಕ್ಷಾದಲ್ಲಿ ಕರೆದುಕೊಂಡು ಹೋಗುತ್ತಿದ್ದೇನೆ. ಹೋಗಿಬರಲು 700 ರೂಪಾಯಿ. ನಿನ್ನೆಗೆ 19 ಸಲ ಆಯಿತು, 13,300. ಬಸ್ಸಿನಲ್ಲಿ ಹೋಗಬಹುದಲ್ಲ ಎಂದು ಕೆಲವರು ಹೇಳುತ್ತಾರೆ. ನಾಲ್ಕು ಗಂಟೆ ಡಯಾಲಿಸಿಸ್ ಆದ ಮೇಲೆ ಅವರಿಗೆ ಬಸ್ಸಿನ ಮೆಟ್ಟಿಲು ಹತ್ತಲು ಆಗುವುದಿಲ್ಲ. ರಿಕ್ಷಾದಲ್ಲಿ ಎರಡೂ ಕಡೆಯಿಂದ ಮಳೆ ಹೊಡೆಯುತ್ತದೆ. ಅವರಿಗೆ ಆಗ ವಿಪರೀತ ಚಳಿ ಆಗುತ್ತದೆ.

ಇನ್ನೊಂದು ವಿಷಯ ಈಗ ಗೊತ್ತಾಯಿತು. ಮೊದಲ ಮೂರು ವರ್ಷ ನನ್ನ ಪಾಲಿಸಿಯಲ್ಲಿ ಜೀರೋ ಡೆಪ್ (ಸಾಮಾನು ಹಳತಾಗಿದೆ ಎಂದು ದುಡ್ಡು ಕಳೆಯದೆ ಕ್ಲೇಮ್ ಕೊಡುವ ಸೌಲಭ್ಯ) ಇತ್ತು. ಕಳೆದ ಎರಡು ವರ್ಷ ಪ್ರೀಮಿಯಂ ಕಡಿಮೆ ಮಾಡಲು ಏಜೆಂಟ್ ಅದನ್ನು ತೆಗೆದಿದ್ದಾರೆ. ನನಗೆ ಹೇಳಿರಲಿಲ್ಲ. ಹಾಗಾಗಿ ನನ್ನ ಕೈಯಿಂದ ಎಷ್ಟು ಹೋಗುತ್ತದೆ ಎಂಬ ಲೆಕ್ಕವೂ ಗೊತ್ತಿಲ್ಲ.

ನಾನು ಯಾರ ಹತ್ತಿರ ಮಾತಾಡಬೇಕು? ಇದಕ್ಕೆಲ್ಲ ಇಷ್ಟು ದಿನದೊಳಗೆ ಎಂದು ಏನಾದರೂ ನಿಯಮ ಉಂಟಾ? ಅನುಭವ ಇದ್ದವರು ದಯವಿಟ್ಟು ಹೇಳಿ.

—

ಸುರತ್ಕಲ್ ತಮ್ಮ
23 ಆಗಸ್ಟ್ 2025

ಅಕ್ಕ, ನನಗೂ ಎರಡು ವರ್ಷದ ಹಿಂದೆ ಕೂಳೂರು ಸೇತುವೆ ಹತ್ತಿರ ಹೀಗೇ ಆಗಿತ್ತು. ಮುಂದಿನ ಭಾಗ ಪೂರ್ತಿ ಹೋಗಿತ್ತು. ನಾನೂ ಒಂದು ತಿಂಗಳು ಫೋನ್ ಮಾಡಿಯೇ ಸತ್ತೆ. ಫೋನಿನಲ್ಲಿ ಹೇಳಿದ್ದಕ್ಕೆ ಯಾವ ಲೆಕ್ಕವೂ ಇಲ್ಲ ಅಕ್ಕ. ನಾಳೆ ಇನ್ನೊಬ್ಬರು ಎತ್ತುತ್ತಾರೆ, ಮತ್ತೆ ಮೊದಲಿನಿಂದ ಹೇಳಬೇಕು.

ನನ್ನ ಕೆಲಸ ಆದದ್ದು ಒಂದೇ ಒಂದು ಮೇಲ್‌ನಿಂದ. ವರ್ಕ್‌ಶಾಪ್‌ನ ಸರ್ವಿಸ್ ಅಡ್ವೈಸರ್, ಬಾಡಿಶಾಪ್ ಮ್ಯಾನೇಜರ್, ಸರ್ವೇಯರ್, ಇನ್ಶೂರೆನ್ಸ್ ಕಂಪನಿ, ನಾಲ್ವರನ್ನೂ ಒಂದೇ ಮೇಲ್‌ನಲ್ಲಿ ಹಾಕಿದೆ. ಇವರು ಹೀಗೆ ಹೇಳುತ್ತಾರೆ, ಅವರು ಹಾಗೆ ಹೇಳುತ್ತಾರೆ, ಯಾವುದು ಸರಿ ಎಂದು ಎಲ್ಲರೆದುರು ಕೇಳಿದೆ. ಅವರು ನಿಮ್ಮ ಹತ್ತಿರ ಬೇರೆ ಬೇರೆ ಹೇಳಬಹುದು. ಒಬ್ಬರ ಎದುರು ಒಬ್ಬರು ಹೇಳಲು ಆಗುವುದಿಲ್ಲ, ಅಲ್ವಾ? ಮರುದಿನವೇ ಸರ್ವೇಯರ್ ಫೋನ್ ಮಾಡಿದರು.

ನಿಮ್ಮ ಹತ್ತಿರ ತಾರೀಕು ಎಲ್ಲ ಬರೆದಿಟ್ಟದ್ದು ಉಂಟಲ್ಲ. ಅರ್ಧ ಕೆಲಸ ಆಗಿದೆ.

—

ಜಪ್ಪು ಕಾರ್ನರ್
23 ಆಗಸ್ಟ್ 2025

ಕಾರನ್ನು ಅಲ್ಲಿಂದ ಎತ್ತಿಕೊಂಡು ಬನ್ನಿ ಮಾರಾಯ್ರೆ. ಒಳ್ಳೆಯ ಟಿಂಕರಿಂಗ್ ಮಾಡುವ ಲೋಕಲ್ ಗ್ಯಾರೇಜ್‌ಗೆ ಕೊಡಿ. ಹತ್ತು ದಿನದಲ್ಲಿ ಆಗುತ್ತದೆ. ಬಿಲ್ ಕೊಟ್ಟು ಆಮೇಲೆ ಕಂಪನಿಯಿಂದ ದುಡ್ಡು ತೆಗೆದುಕೊಳ್ಳಬಹುದು. ನಮ್ಮ ಮನೆಯ ಕಾರು ಹಾಗೇ ಮಾಡಿಸಿದ್ದು.

—

ನಿವೃತ್ತ ಸರ್ವೇಯರ್, ಮಂಗಳೂರು
24 ಆಗಸ್ಟ್ 2025

ಅಮ್ಮಾ, ನಿಮ್ಮ ಬರಹ ಎರಡು ಸಲ ಓದಿದೆ. ನಾನು ಈ ಕೆಲಸದಲ್ಲಿ ಬಹಳ ವರ್ಷ ಇದ್ದವನು, ಈಗ ಬಿಟ್ಟಿದ್ದೇನೆ. ಗೊತ್ತಿದ್ದಷ್ಟು ಹೇಳುತ್ತೇನೆ.

ಮೊದಲು ಜಪ್ಪಿನವರು ಹೇಳಿದ್ದರ ಬಗ್ಗೆ. ಮೊದಲ ದಿನವೇ ಆಗಿದ್ದರೆ ಅದು ಒಳ್ಳೆಯ ದಾರಿಯೇ. ಈಗ ಕಾರು ಬಿಚ್ಚಿ ಇಟ್ಟಿದ್ದಾರೆ. ಸರ್ವೇ ಅರ್ಧ ಆಗಿದೆ. ಈಗ ಎತ್ತಿಕೊಂಡು ಬಂದರೆ ಬಿಚ್ಚಿದ ಕೂಲಿ ಕೇಳುತ್ತಾರೆ, ನಿಲ್ಲಿಸಿದ ಬಾಡಿಗೆ ಕೇಳುತ್ತಾರೆ. ಹೊಸ ಎಸ್ಟಿಮೇಟ್, ಮತ್ತೆ ಸರ್ವೇ. ಪೂರ್ತಿ ದುಡ್ಡು ಮೊದಲು ನೀವು ಹಾಕಬೇಕು. ಜಿಎಸ್‌ಟಿ ಬಿಲ್ ಸರಿಯಾಗಿ ಇಲ್ಲದಿದ್ದರೆ ಅಲ್ಲಿಯೂ ತಕರಾರು. ನಿಮ್ಮ ಪರಿಸ್ಥಿತಿಯಲ್ಲಿ ಅದು ಬೇಡ.

ನಿಯಮ ಉಂಟಾ ಎಂದು ಕೇಳಿದ್ದೀರಿ. ಉಂಟು. ಇನ್ಶೂರೆನ್ಸ್ ಕಂಪನಿಗಳನ್ನು ನಿಯಂತ್ರಿಸುವ ಸರ್ಕಾರಿ ಸಂಸ್ಥೆ ಐಆರ್‌ಡಿಎಐ 2024ರಲ್ಲಿ ಇದನ್ನು ಬಿಗಿ ಮಾಡಿತು. ಕ್ಲೇಮ್ ತಿಳಿಸಿದ 24 ಗಂಟೆಯೊಳಗೆ ಕಂಪನಿ ಸರ್ವೇಯರ್‌ನನ್ನು ನೇಮಿಸಬೇಕು. ನೇಮಿಸಿದ 15 ದಿನದೊಳಗೆ ಸರ್ವೇ ರಿಪೋರ್ಟ್ ಬರಬೇಕು. ರಿಪೋರ್ಟ್ ಬಂದ 7 ದಿನದೊಳಗೆ ಕಂಪನಿ ತೀರ್ಮಾನ ಹೇಳಬೇಕು. ನೀವು ಜುಲೈ 9ಕ್ಕೆ ತಿಳಿಸಿದ್ದೀರಿ. ಆಗಸ್ಟ್ ಮುಗಿಯುತ್ತಾ ಬಂತು. ಸರ್ವೇ ರಿಪೋರ್ಟ್ ಬಾಕಿ ಎಂದು ಕಂಪನಿಯವರೇ ಹೇಳುತ್ತಿದ್ದಾರೆ ಎಂದರೆ ತಡ ಅವರ ಕಡೆಯಲ್ಲಿ ಉಂಟು ಎಂದು ಅವರೇ ಒಪ್ಪಿದ ಹಾಗೆ. ಆ ಮಾತನ್ನು ಬರಹದಲ್ಲಿ ತೆಗೆದುಕೊಳ್ಳಿ.

ಆದರೆ ಈ ಗಡುವು ವರ್ಕ್‌ಶಾಪ್‌ಗೆ ಅನ್ವಯಿಸುವುದಿಲ್ಲ. ಅದು ಬೇರೆ ವ್ಯವಹಾರ. ತುಂಬಾ ಜನ ಎಡವುವುದು ಇಲ್ಲಿಯೇ. ಸ್ಪೇರ್ ಪಾರ್ಟ್ ಬರದಿದ್ದರೆ ಇನ್ಶೂರೆನ್ಸ್ ಕಂಪನಿಯನ್ನು ಬೈಯುತ್ತಾರೆ, ಅಪ್ರೂವಲ್ ಬರದಿದ್ದರೆ ವರ್ಕ್‌ಶಾಪ್‌ನ ಹುಡುಗನನ್ನು ಬೈಯುತ್ತಾರೆ. ಕಾರು ಈಗ ಯಾರಿಂದ ನಿಂತಿದೆ ಎಂದು ಮೊದಲು ಗೊತ್ತಾಗಬೇಕು.

ನನಗೆ ಒಂದು ಸಂಶಯ ಉಂಟು. ಡಿಕ್ಕಿ ಬಾಗಿಲು ಮೊದಲ ಎಸ್ಟಿಮೇಟ್‌ನಲ್ಲೇ ಇರಬೇಕು, ಏಕೆಂದರೆ ಅದು ಹೊರಗಿನಿಂದಲೇ ಕಾಣುವ ಪೆಟ್ಟು. ಅದಕ್ಕೆ ಜುಲೈಯಲ್ಲೇ ಆರ್ಡರ್ ಹೋಗಬೇಕಿತ್ತು. ಎಷ್ಟೋ ವರ್ಕ್‌ಶಾಪ್‌ಗಳಲ್ಲಿ ಪೂರ್ತಿ ಅಪ್ರೂವಲ್ ಬರುವ ತನಕ ದೊಡ್ಡ ಪಾರ್ಟ್ ಆರ್ಡರ್ ಮಾಡುವುದೇ ಇಲ್ಲ. ಕ್ಲೇಮ್ ಬಿದ್ದುಹೋದರೆ ಆ ಮಾಲು ತಮ್ಮ ತಲೆಗೆ ಬರುತ್ತದೆ ಎಂಬ ಹೆದರಿಕೆ. ಗಿರಾಕಿಗೆ ಮಾತ್ರ ಬೆಂಗಳೂರಿನಿಂದ ಬಂದಿಲ್ಲ ಎನ್ನುತ್ತಾರೆ. ನೀವೇ ಹೋಗಿ ಕೇಳಿ. ಪಾರ್ಟ್ ನಂಬರ್ ಎಷ್ಟು, ಆರ್ಡರ್ ಹಾಕಿದ ತಾರೀಕು ಯಾವುದು, ಕಂಪ್ಯೂಟರ್‌ನಲ್ಲಿ ತೋರಿಸಿ. ಜೋರು ಮಾಡಬೇಡಿ. ತೋರಿಸುವ ತನಕ ಅಲ್ಲೇ ಕುಳಿತುಕೊಳ್ಳಿ.

ಇನ್ನು ನಿಮ್ಮ ಕೈಯಿಂದ ಹೋಗುವುದು. ಜೀರೋ ಡೆಪ್ ಇಲ್ಲದಿದ್ದರೆ ಸಾಮಾನು ಹಳತಾದ ಲೆಕ್ಕದಲ್ಲಿ ಒಂದಷ್ಟು ದುಡ್ಡು ಕಳೆಯುತ್ತಾರೆ. ಪ್ಲಾಸ್ಟಿಕ್, ರಬ್ಬರ್ ಸಾಮಾನಿಗೆ ಅರ್ಧ ನಿಮ್ಮದು, ಅರ್ಧ ಕಂಪನಿಯದ್ದು. ಬಂಪರ್ ಎರಡೂ ಇದರಲ್ಲಿ ಬರುತ್ತದೆ. ಗಾಜಿಗೆ ಏನೂ ಕಳೆಯುವುದಿಲ್ಲ. ಬಾನೆಟ್, ಡಿಕ್ಕಿ ಬಾಗಿಲಿನಂಥ ಕಬ್ಬಿಣದ ಸಾಮಾನಿಗೆ ಕಾರಿನ ವಯಸ್ಸು ನೋಡಿ ಕಳೆಯುತ್ತಾರೆ: 3ರಿಂದ 4 ವರ್ಷಕ್ಕೆ 25 ಶೇಕಡಾ, 4ರಿಂದ 5ಕ್ಕೆ 35, 5 ದಾಟಿದರೆ 40. ಕೂಲಿ ಪೂರ್ತಿ ಕಂಪನಿ ಕೊಡುತ್ತದೆ. ಪೇಂಟಿಂಗ್ ಒಟ್ಟು ಬಿಲ್ಲಿನಲ್ಲಿ ಕಾಲು ಭಾಗವನ್ನು ಬಣ್ಣದ ಬೆಲೆ ಎಂದು ಹಿಡಿದು ಅದರಲ್ಲಿ ಅರ್ಧ ಕಳೆಯುತ್ತಾರೆ. ಕೊನೆಗೆ ಕಡ್ಡಾಯ ಕಡಿತ, 1500 ಸಿಸಿ ತನಕದ ಕಾರಿಗೆ 1,000 ರೂಪಾಯಿ. ಆಯಿಲ್, ಕೂಲೆಂಟ್, ನಟ್ಟು ಬೋಲ್ಟು ನಿಮ್ಮ ಕೈಯಿಂದ.

ಒಂದು ಕಡೆ ಜಾಗ್ರತೆ ಬೇಕು. ನಿಮ್ಮ ಕಾರಿಗೆ ಸೆಪ್ಟೆಂಬರ್‌ನಲ್ಲಿ ಐದು ವರ್ಷ ತುಂಬುತ್ತದೆ. ಬಿಲ್ ಅದಕ್ಕಿಂತ ಆಮೇಲೆ ಆದರೂ ಲೆಕ್ಕ ಹಾಕಬೇಕಾದ್ದು ಅಪಘಾತದ ದಿನದ ವಯಸ್ಸಿಗೆ. ಜುಲೈ 9ಕ್ಕೆ ಅದಕ್ಕೆ ಐದು ತುಂಬಿರಲಿಲ್ಲ. 35 ಹಾಕಬೇಕು, 40 ಅಲ್ಲ. ಇದನ್ನು ಬರೆದಿಟ್ಟುಕೊಳ್ಳಿ.

ಮೇಲ್ ಹಾಕಿಯೂ ಆಗದಿದ್ದರೆ ಕಂಪನಿಯಲ್ಲಿ ದೂರು ನೋಡುವ ಗ್ರೀವೆನ್ಸ್ ಆಫೀಸರ್‌ಗೆ ಬರೆಯಿರಿ. ಅವರ ಮೇಲ್ ವಿಳಾಸ ಪಾಲಿಸಿ ಕಾಗದದಲ್ಲೇ ಇರುತ್ತದೆ. ಅವರಿಗೆ ಎರಡು ವಾರ ಸಮಯ. ಆಮೇಲೆ ಐಆರ್‌ಡಿಎಐಯ ದೂರು ವ್ಯವಸ್ಥೆ ಬಿಮಾ ಭರೋಸಾ, ಫೋನ್ 155255. ಕಂಪನಿಗೆ ದೂರು ಕೊಟ್ಟು ಒಂದು ತಿಂಗಳು ಕಳೆದರೂ ಉತ್ತರ ಇಲ್ಲದಿದ್ದರೆ ಇನ್ಶೂರೆನ್ಸ್ ಓಂಬುಡ್ಸ್‌ಮನ್, ಅಂದರೆ ಕಂಪನಿಯ ಮೇಲಿನ ದೂರು ಕೇಳಿ ತೀರ್ಮಾನಿಸುವವರು. ಕರ್ನಾಟಕಕ್ಕೆ ಇರುವುದು ಬೆಂಗಳೂರು ಜೆ.ಪಿ. ನಗರದ ಜೀವನ ಸೌಧದಲ್ಲಿ. ಫೀಸ್ ಇಲ್ಲ, ವಕೀಲರು ಬೇಡ, ಆನ್‌ಲೈನ್‌ನಲ್ಲೇ ದೂರು ಹಾಕಬಹುದು. ಅಪ್ಪನನ್ನು ಬಿಟ್ಟು ನೀವು ಬೆಂಗಳೂರಿಗೆ ಓಡಬೇಕಾಗಿಲ್ಲ. ವರ್ಕ್‌ಶಾಪ್ ಮೇಲೆ ದೂರಾದರೆ ಅದು ಗ್ರಾಹಕ ಸಹಾಯವಾಣಿಗೆ, 1915. ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ನೀವು ಇರುವ ಜಿಲ್ಲೆಯಲ್ಲೇ ಹಾಕಬಹುದು.

—

ಕಾಪು ಹೊಲಿಗೆ ಅಕ್ಕ
24 ಆಗಸ್ಟ್ 2025

ಸರ್, ತುಂಬಾ ಉಪಕಾರ ಆಯಿತು. ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ಸುರತ್ಕಲ್ ತಮ್ಮನಿಗೂ ಥ್ಯಾಂಕ್ಸ್. ಇವತ್ತು ರಾತ್ರಿ ಕುಳಿತು ಮೇಲ್ ಬರೆಯುತ್ತೇನೆ. ನನಗೆ ಇಂಗ್ಲಿಷ್ ಅಷ್ಟು ಸರಿ ಬರುವುದಿಲ್ಲ. ಕನ್ನಡದಲ್ಲಿ ಬರೆದರೆ ತೆಗೆದುಕೊಳ್ಳುತ್ತಾರಾ?

ಇನ್ನೆರಡು ಕೇಳಲು ಉಂಟು. ಪಾಲಿಸಿ ಸೆಪ್ಟೆಂಬರ್ 17ಕ್ಕೆ ಮುಗಿಯುತ್ತದೆ. ಕಾರೇ ಕೈಯಲ್ಲಿ ಇಲ್ಲ, ಈಗ ಯಾಕೆ ರಿನ್ಯೂ ಮಾಡಬೇಕು, ಕಾರು ಬಂದ ಮೇಲೆ ಮಾಡುವ ಎಂದು ಏಜೆಂಟ್ ಹೇಳುತ್ತಾರೆ. ಸರಿಯಾ? ಟೆಂಪೋದವರು ಮೊನ್ನೆ ಫೋನ್ ಮಾಡಿದ್ದರು. 15,000 ಕೊಡುತ್ತೇವೆ, ಒಂದು ಕಾಗದಕ್ಕೆ ಸೈನ್ ಹಾಕಿ ಎಂದರು. ರಿಕ್ಷಾ ಖರ್ಚಾದರೂ ಸಿಗುತ್ತದೆ ಎಂದು ನನಗೆ ಆಸೆ ಆಗುತ್ತದೆ. ಸುಳ್ಳು ಹೇಳುವುದಿಲ್ಲ.

—

ನಿವೃತ್ತ ಸರ್ವೇಯರ್, ಮಂಗಳೂರು
24 ಆಗಸ್ಟ್ 2025

ಕನ್ನಡದಲ್ಲೇ ಬರೆಯಿರಿ. ತಾರೀಕು, ಕ್ಲೇಮ್ ನಂಬರ್, ಕಾರಿನ ನಂಬರ್ ಸರಿ ಇದ್ದರೆ ಸಾಕು.

ಪಾಲಿಸಿಯನ್ನು 17ಕ್ಕೆ ಮೊದಲೇ ರಿನ್ಯೂ ಮಾಡಿ. ಏಜೆಂಟ್ ಹೇಳಿದ್ದು ತಪ್ಪು. ಮುಗಿಯುವ ಮೊದಲು ಮಾಡಿದರೆ ಕಾರು ನೋಡಲು ಯಾರೂ ಬರುವುದಿಲ್ಲ. ಒಂದು ದಿನ ಮೀರಿದರೂ ಇನ್‌ಸ್ಪೆಕ್ಷನ್ ಎನ್ನುತ್ತಾರೆ. ಬಿಚ್ಚಿ ಇಟ್ಟ ಕಾರನ್ನು ನೋಡಿ ಯಾರು ಪಾಲಿಸಿ ಕೊಡುತ್ತಾರೆ ಹೇಳಿ? ಜುಲೈಯ ಕ್ಲೇಮ್ ಹಳೆಯ ಪಾಲಿಸಿಯಲ್ಲೇ ಮುಂದುವರಿಯುತ್ತದೆ, ಅದಕ್ಕೆ ಏನೂ ತೊಂದರೆ ಇಲ್ಲ. ಕ್ಲೇಮ್ ಮಾಡಿದ್ದರಿಂದ ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದಿದ್ದವರಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ಹೋಗುತ್ತದೆ. ನಾಲ್ಕು ವರ್ಷ ಕ್ಲೇಮ್ ಇಲ್ಲದಿದ್ದರೆ ನಿಮಗೆ 45 ಶೇಕಡಾ ಇದ್ದಿರಬೇಕು. ಈ ಸಲ ಅದು ಸೊನ್ನೆ. ಪ್ರೀಮಿಯಂ ಜಾಸ್ತಿ ಕಂಡರೆ ಗಾಬರಿ ಬೇಡ. ಕ್ಲೇಮ್ ಆದದ್ದನ್ನು ಮುಚ್ಚಿಟ್ಟು ಬೋನಸ್ ತೆಗೆಸಿಕೊಡುತ್ತೇನೆ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಮುಂದಿನ ಕ್ಲೇಮ್ ಅದರಿಂದಲೇ ಬಿದ್ದುಹೋಗುತ್ತದೆ. ಜೀರೋ ಡೆಪ್ ಕೊಡುತ್ತಾರಾ ಎಂದು ಕೇಳಿ. ಐದು ವರ್ಷದ ಕಾರಿಗೂ ಕೊಡುವ ಕಂಪನಿಗಳು ಉಂಟು.

ಟೆಂಪೋದವರ ಕಾಗದಕ್ಕೆ ಸೈನ್ ಹಾಕಬೇಡಿ. ನಿಮ್ಮ ಆಸೆಯಲ್ಲಿ ತಪ್ಪೇನೂ ಇಲ್ಲ. ಆದರೆ ನಿಮಗೆ ದುಡ್ಡು ಕೊಟ್ಟ ಮೇಲೆ ಟೆಂಪೋ ಕಡೆಯಿಂದ ಅದನ್ನು ವಸೂಲು ಮಾಡುವ ಹಕ್ಕು ನಿಮ್ಮ ಕಂಪನಿಗೆ ಬರುತ್ತದೆ. ಎಲ್ಲ ಮುಗಿಯಿತು, ಇನ್ನೇನೂ ಕೇಳುವುದಿಲ್ಲ ಎಂದು ನೀವು ಬರೆದುಕೊಟ್ಟರೆ ಆ ಹಕ್ಕನ್ನು ನೀವೇ ಕಡಿದ ಹಾಗೆ. ಕಂಪನಿ ಅದನ್ನೇ ಕಾರಣ ಮಾಡಿ ಕ್ಲೇಮ್ ನಿಲ್ಲಿಸಬಹುದು. ಹಳತಾದ ಲೆಕ್ಕದಲ್ಲಿ ಕಳೆದ ದುಡ್ಡು, ರಿಕ್ಷಾ ಖರ್ಚು, ಇದನ್ನು ಟೆಂಪೋದ ಇನ್ಶೂರೆನ್ಸ್‌ನಿಂದ ಕೇಳಲು ಮೋಟಾರು ಅಪಘಾತ ನ್ಯಾಯಮಂಡಳಿ ಉಂಟು, ಉಡುಪಿಯಲ್ಲೇ. ಆರು ತಿಂಗಳೊಳಗೆ ಹಾಕಬೇಕು. ಅದಕ್ಕೆ ಪೊಲೀಸ್ ದಾಖಲೆ ಗಟ್ಟಿ ಇರಬೇಕು, ಸಮಯವೂ ಹಿಡಿಯುತ್ತದೆ. ಒಬ್ಬ ವಕೀಲರನ್ನು ಒಮ್ಮೆ ಕೇಳಿ ನೋಡಿ. ಸದ್ಯಕ್ಕೆ ಕಾರು ಹೊರಗೆ ತರುವುದೇ ಮುಖ್ಯ.

—

ಬ್ರಹ್ಮಾವರದ ಮಗಳು
25 ಆಗಸ್ಟ್ 2025

ನನ್ನ ಅಮ್ಮನಿಗೂ ಡಯಾಲಿಸಿಸ್ ಇತ್ತು, ಮೂರು ವರ್ಷ. ಆದ ಮೇಲಿನ ಆ ಚಳಿ ನನಗೆ ಗೊತ್ತು. ರಿಕ್ಷಾಕ್ಕೆ ಎರಡೂ ಕಡೆ ಟಾರ್ಪಲ್ ಪರದೆ ಇಳಿಸಲು ಹೇಳಿ. ಮಂಡಿಯ ಮೇಲೆ ಒಂದು ಕಂಬಳಿ, ಸೂಜಿ ಹಾಕಿದ ಕೈ ಹೊರಬದಿಗೆ ಬಾರದ ಹಾಗೆ ಕೂರಿಸಿ. ಪ್ರತಿ ಸಲ ರಿಕ್ಷಾದವರ ಹತ್ತಿರ ಒಂದು ಚೀಟಿಯಲ್ಲಿ ತಾರೀಕು, ದುಡ್ಡು ಬರೆಸಿ ಸೈನ್ ತೆಗೆದುಕೊಳ್ಳಿ. ಮುಂದೆ ಕೇಳುವಾಗ ಬೇಕಾಗುತ್ತದೆ. ವರ್ಕ್‌ಶಾಪ್‌ಗೆ ಹೋಗುವಾಗ ಮನೆಯಲ್ಲಿ ಇಂಥ ರೋಗಿ ಇದ್ದಾರೆ ಎಂದು ಹೇಳಿ. ಅದರಲ್ಲಿ ಸಣ್ಣತನ ಏನೂ ಇಲ್ಲ. ನಾನು ಅದನ್ನು ಹೇಳಲು ಸಂಕೋಚ ಮಾಡಿ ಎಷ್ಟೋ ಕಡೆ ಸುಮ್ನೆ ಕಾದಿದ್ದೇನೆ.

—

ಕಾಪು ಹೊಲಿಗೆ ಅಕ್ಕ
27 ಸೆಪ್ಟೆಂಬರ್ 2025

ಎಲ್ಲರಿಗೂ ನಮಸ್ಕಾರ. ಕಾರು ಬಂತು. ಮೊನ್ನೆ 25ಕ್ಕೆ. ಒಟ್ಟು 78 ದಿನ.

ಆದದ್ದನ್ನು ಹೇಳುತ್ತೇನೆ, ಬೇರೆಯವರಿಗೆ ಉಪಯೋಗ ಆಗಬಹುದು. ಆಗಸ್ಟ್ 25ರ ಬೆಳಿಗ್ಗೆ ನಾಲ್ವರಿಗೂ ಮೇಲ್ ಹಾಕಿದೆ. ಮಧ್ಯಾಹ್ನವೇ ವರ್ಕ್‌ಶಾಪ್‌ನಿಂದ ಫೋನ್. ಹೆಚ್ಚುವರಿ ಎಸ್ಟಿಮೇಟ್ ಹೋಗಿದ್ದು ನಿಜ, ಆದರೆ ಸರ್ವೇಯರ್ ವಿಳಾಸದಲ್ಲಿ ಒಂದು ಅಕ್ಷರ ತಪ್ಪಿತ್ತು. 23 ದಿನ ಅದು ಯಾರಿಗೂ ತಲುಪಿರಲಿಲ್ಲ. ಒಬ್ಬರಾದರೂ ಒಂದು ಸಲ ತಿರುಗಿ ನೋಡಿದ್ದರೆ ಗೊತ್ತಾಗುತ್ತಿತ್ತು. ಇದು ಕೇಳಿ ನಾನು ಹೊಲಿಗೆ ಯಂತ್ರದ ಮುಂದೆಯೇ ಅತ್ತುಬಿಟ್ಟೆ.

ಮರುದಿನ ನಾನೇ ಹೋದೆ. ಸರ್ ಹೇಳಿದ ಹಾಗೆ ಪಾರ್ಟ್ ನಂಬರ್, ಆರ್ಡರ್ ತಾರೀಕು ಕೇಳಿದೆ. ನಾಳೆ ಹೇಳುತ್ತೇವೆ ಎಂದರು. ಪರವಾಗಿಲ್ಲ, ಕಾಯುತ್ತೇನೆ ಎಂದು ಬ್ಲೌಸಿನ ಹುಕ್ಕು ಹಾಕುವ ಕೆಲಸ ಕೈಯಲ್ಲೇ ತಂದಿದ್ದೆ, ಅಲ್ಲೇ ಕುಳಿತೆ. ಬಾಡಿಶಾಪ್ ಮ್ಯಾನೇಜರ್ ಮಧ್ಯಾಹ್ನ ಬಂದರು. ಅಪ್ಪನ ವಿಷಯ ಹೇಳಿದೆ. ಅವರು ಕಂಪ್ಯೂಟರ್ ತಿರುಗಿಸಿ ತೋರಿಸಿದರು. ಡಿಕ್ಕಿ ಬಾಗಿಲಿಗೆ ಆರ್ಡರೇ ಹೋಗಿರಲಿಲ್ಲ. ನನ್ನೆದುರೇ ಆರ್ಡರ್ ಹಾಕಿಸಿದರು. ಆ ಮನುಷ್ಯನಿಗೆ ನಿಜವಾಗಿಯೂ ಬೇಸರ ಆಗಿತ್ತು.

ಚೌತಿ ಕಳೆದು 29ಕ್ಕೆ ಸರ್ವೇಯರ್ ಎರಡನೇ ಸಲ ಬಂದರು. ಹಿಂದಿನ ಪ್ಯಾನೆಲ್ ಬದಲಿಸುವುದು ಬೇಡ, ಎಳೆದು ಸರಿ ಮಾಡಬಹುದು ಎಂದರು. ಸೆಪ್ಟೆಂಬರ್ 4ಕ್ಕೆ ಅಪ್ರೂವಲ್ ಬಂತು. ಡಿಕ್ಕಿ ಬಾಗಿಲು ಬಂದದ್ದು 15ಕ್ಕೆ, ವಿಟ್ಲಪಿಂಡಿಯ ದಿನ. ಪಾಲಿಸಿ 10ಕ್ಕೇ ರಿನ್ಯೂ ಮಾಡಿದೆ, ಈ ಸಲ ಜೀರೋ ಡೆಪ್ ಸೇರಿಸಿ. ಕಾಗದ ಪೂರ್ತಿ ಓದಿದ ಮೇಲೆಯೇ ದುಡ್ಡು ಕಟ್ಟಿದ್ದು.

ಬಿಲ್ ಆದದ್ದು 24ಕ್ಕೆ. ಎರಡು ದಿನದ ಮೊದಲು, 22ಕ್ಕೆ, ವಾಹನದ ಬಿಡಿಭಾಗಗಳ ಜಿಎಸ್‌ಟಿ 28ರಿಂದ 18ಕ್ಕೆ ಇಳಿದಿತ್ತು. ಅದರಿಂದಲೂ ಸ್ವಲ್ಪ ಕಡಿಮೆ ಆಯಿತು. ಒಟ್ಟು 1,46,780. ಮತ್ತೆ ಸರ್, ನೀವು ಹೇಳಿದ್ದು ಹಾಗೆಯೇ ಆಯಿತು! ಕಬ್ಬಿಣದ ಸಾಮಾನಿಗೆ 40 ಶೇಕಡಾ ಹಾಕಿದ್ದರು. ಅಪಘಾತದ ದಿನ ಕಾರಿಗೆ ಐದು ವರ್ಷ ತುಂಬಿರಲಿಲ್ಲ ಎಂದು ಆರ್‌ಸಿ ತೋರಿಸಿದೆ. ಒಂದು ಗಂಟೆಯಲ್ಲಿ ಕಂಪನಿಯಿಂದ ತಿದ್ದಿ ಬಂತು. 2,150 ರೂಪಾಯಿ ಉಳಿಯಿತು. ಕೊನೆಗೆ ನನ್ನ ಕೈಯಿಂದ ಹೋದದ್ದು 43,580. ನಿಲ್ಲಿಸಿದ ಬಾಡಿಗೆ ಕೇಳಲಿಲ್ಲ.

ಟೆಂಪೋದವರ ಕಾಗದಕ್ಕೆ ಸೈನ್ ಹಾಕಿಲ್ಲ. ರಿಕ್ಷಾ ಚೀಟಿಗಳು ಒಂದು ಡಬ್ಬಿಯಲ್ಲಿ ಉಂಟು. ನವರಾತ್ರಿ ಕಳೆದು ವಕೀಲರ ಹತ್ತಿರ ಹೋಗುತ್ತೇನೆ. ಡಿಕ್ಕಿ ಮುಚ್ಚುವಾಗ ಒಂದು ಶಬ್ದ ಬರುತ್ತದೆ, ಅದಕ್ಕೆ ಸೋಮವಾರ ಅಪ್ಪನನ್ನು ಬಿಟ್ಟು ವರ್ಕ್‌ಶಾಪ್‌ಗೆ ಹೋಗಲು ಉಂಟು.

ನಾನು ಹಾಕಿದ ಮೇಲ್ ಇಲ್ಲಿ ಕೆಳಗೆ ಇಡುತ್ತೇನೆ. ಬೇಕಾದವರು ತಾರೀಕು ಬದಲಿಸಿ ಉಪಯೋಗಿಸಿ.

"ಮಾನ್ಯರೇ, ನನ್ನ ಕಾರು ಜುಲೈ 9ರಂದು ಅಪಘಾತಕ್ಕೊಳಗಾಗಿ ಜುಲೈ 10ರಿಂದ ನಿಮ್ಮ ವರ್ಕ್‌ಶಾಪ್‌ನಲ್ಲಿದೆ. ಕ್ಲೇಮ್ ನಂಬರ್ ಮತ್ತು ಕಾರಿನ ನಂಬರ್ ಮೇಲೆ ಬರೆದಿದ್ದೇನೆ. ಹೆಚ್ಚುವರಿ ಎಸ್ಟಿಮೇಟನ್ನು ಆಗಸ್ಟ್ 2ರಂದು ಕಳಿಸಿದ್ದೇವೆ ಎಂದು ವರ್ಕ್‌ಶಾಪ್‌ನವರು ಹೇಳುತ್ತಾರೆ. ಬಂದಿಲ್ಲ ಎಂದು ಸರ್ವೇಯರ್ ಹೇಳುತ್ತಾರೆ. ಸರ್ವೇ ರಿಪೋರ್ಟ್ ಬಾಕಿ ಇದೆ ಎಂದು ಕಂಪನಿಯವರು ಹೇಳುತ್ತಾರೆ. ದಯವಿಟ್ಟು ಮೂವರೂ ಇದೇ ಮೇಲ್‌ಗೆ ಉತ್ತರಿಸಿ. ಎಸ್ಟಿಮೇಟ್ ಕಳಿಸಿದ ಮೇಲ್‌ನ ಪ್ರತಿ, ಎರಡನೇ ಸರ್ವೇಯ ದಿನ, ಡಿಕ್ಕಿ ಬಾಗಿಲಿಗೆ ಆರ್ಡರ್ ಹಾಕಿದ ದಿನ, ಇಷ್ಟು ನನಗೆ ಬೇಕು. ಆಗಸ್ಟ್ 28ರೊಳಗೆ ತಿಳಿಸದಿದ್ದರೆ ಇದೇ ಮೇಲನ್ನು ಕಂಪನಿಯ ಗ್ರೀವೆನ್ಸ್ ಆಫೀಸರ್‌ಗೂ, ಬಿಮಾ ಭರೋಸಾಕ್ಕೂ ಕಳಿಸುತ್ತೇನೆ. ನನ್ನ ತಂದೆಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್ ಇದೆ. ಈ ಕಾರು ಅದಕ್ಕಾಗಿಯೇ ಇರುವುದು."